ಮುಂದಿನ ಸಾಲಿನ ಜಾಗ

ಕಾಶಪ್ಪ ಪಕ್ಷದ ಬಾವುಟವನ್ನು ತಮ್ಮನ ಹೆಗಲಿಗೆ ಹೊದಿಸಿ ನೆರಿಗೆ ಸರಿಮಾಡುತ್ತಿದ್ದಾಗ ಹಾಲವ್ವ ಎದ್ದು ಬಂದು ಅದನ್ನು ತೆಗೆದಳು. ಕಿತ್ತುಕೊಳ್ಳಲಿಲ್ಲ. ಒಣಗಿದ ಬಟ್ಟೆ ಮಡಚುವಂತೆ ಮಡಚಿ ಗಂಡನ ಅಣ್ಣನ ಕೈಗೇ ಕೊಟ್ಟಳು.

"ಇದು ಬ್ಯಾಡ್ರಿ, ಧಣ್ಯಾರ."

ಕುರ್ಲಾದ ಚಾಳಿನ ಆ ಒಂದೇ ಕೋಣೆಯಲ್ಲಿ ಅಣವೀರಪ್ಪನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಹೂವು. ಲಿಂಗಾಯತರು ಸತ್ತವರನ್ನು ಕೂರಿಸಿಯೇ ಮಣ್ಣು ಮಾಡುವುದು. ಅದು ಗೊತ್ತಿಲ್ಲದ ದೂಜ ಬಾಗಿಲಲ್ಲೇ ನಿಂತುಬಿಟ್ಟಿದ್ದ. ಅವನು ಮಂಗಳೂರು ಕಡೆಯವನು, ಮದುವೆ ಬ್ಯಾಂಡಿನಲ್ಲಿ ದೊಡ್ಡ ಡ್ರಮ್ ಬಾರಿಸುವವನು. ಅಣವೀರಪ್ಪನ ಟ್ರಂಪೆಟ್ಟಿನ ಜೊತೆ ಮುಂಬಯಿಯ ಎಷ್ಟೋ ಬೀದಿ ನಡೆದಿದ್ದ. ಅಣವೀರಪ್ಪ ಅವನಿಗೆ ಆ್ಯಂಡಿ.

"ಕೂತುಕೊಂಡೇ ಹೋಗುದಾ ಮಾರಾಯ್ರೆ?" ಎಂದ ಪಕ್ಕದವರಿಗೆ. "ನಮ್ಮ ಆ್ಯಂಡಿ ಒಂದು ದಿನವೂ ಕೂತು ಊದಿದವ ಅಲ್ಲ."

ಅಳುತ್ತಿದ್ದ ಹೆಂಗಸರಿಗೆ ನಗು ಬಂತು. ನಕ್ಕಿದ್ದಕ್ಕೆ ಇನ್ನಷ್ಟು ಅಳು ಬಂತು.

ಕಾಶಪ್ಪ ಗಂಟಲು ಸರಿಮಾಡಿಕೊಂಡ. ಟ್ರಂಕ್ ಕಾಲ್ ಸಿಕ್ಕ ಕೂಡಲೇ ಗುಲ್ಬರ್ಗಾ ಕಡೆಯಿಂದ ಎರಡು ಕಾರು ತುಂಬ ಕಾರ್ಯಕರ್ತರನ್ನು ತಂದಿದ್ದ. "ನೋಡವ್ವಾ, ತಮ್ಮನ್ನ ಊರಿಗೆ ಒಯ್ತೀವಿ. ಅಪ್ಪನ ಮಗ್ಗಲಕ್ಕ ಜಾಗಾ ಮಾಡ್ಸೀನಿ. ಮಂದಿ ಕಾಯಾಕತ್ತಾರ."

"ಮಂದಿ ಇವರಿಗೆ ಕಾಯಾಕತ್ತಿಲ್ರಿ. ನಿಮ್ಮ ಇಲೆಕ್ಷನ್ನಿಗೆ ಕಾಯಾಕತ್ತಾರ."

ಅದು ಸುಳ್ಳಾಗಿರಲಿಲ್ಲ. ಎಪ್ಪತ್ತೆರಡರ ಚುನಾವಣೆ ಹತ್ತಿರವಿತ್ತು, ಕಾಶಪ್ಪ ಅಪ್ಪನ ಕ್ಷೇತ್ರದಿಂದಲೇ ನಿಂತಿದ್ದ. ಆ ಅಪ್ಪ ಬಸವಂತರಾಯರ ಹೆಸರು ಬಂದರೆ ಆ ಸೀಮೆಯ ಜನ ಈಗಲೂ ದನಿ ತಗ್ಗಿಸುತ್ತಾರೆ. ಓಟು ಹಾಕಲಿಲ್ಲವೆಂದು ಒಂದು ಕೇರಿಗೇ ಬೆಂಕಿ ಇಡಿಸಿದ್ದರು. ಸಾಕ್ಷಿ ಹೇಳಲು ಯಾರೂ ಬರಲಿಲ್ಲ. ಮುಂದಿನ ಸಲವೂ ಅವರೇ ಗೆದ್ದರು.

*

ಬೆಂಕಿ ಬಿದ್ದ ವರ್ಷವೇ ಅಣವೀರಪ್ಪ ವಕೀಲಿ ಓದುವ ನೆಪದಲ್ಲಿ ಮುಂಬಯಿಗೆ ಬಂದ. ಓದಿದ್ದು ಅಷ್ಟಕ್ಕಷ್ಟೆ. ಗೋವಾದ ಮುದುಕನೊಬ್ಬನ ಕೈಯಲ್ಲಿ ಟ್ರಂಪೆಟ್ ಕಲಿತು, ಚರ್ಚ್‌ಗೇಟಿನ ಹೋಟೆಲೊಂದರಲ್ಲಿ ಜಾಝ್ ನುಡಿಸತೊಡಗಿದ. ಅಲ್ಲಿ ಅವನು ಬರೀ ಆ್ಯಂಡಿ. ಅದೇ ಅವನಿಗೆ ಬೇಕಾಗಿದ್ದುದು.

ಒಂದು ಸಂಜೆ ಅಪ್ಪನ ಗೆಳೆಯರೊಬ್ಬರು ಊಟಕ್ಕೆ ಬಂದು ಗುರುತು ಹಿಡಿದರು. ಮ್ಯಾನೇಜರ್ ಉಬ್ಬಿಹೋಗಿ, ಇಂದು ನುಡಿಸುತ್ತಿರುವವರು ಬಸವಂತರಾಯರ ಸುಪುತ್ರರು ಎಂದು ಮೈಕಿನಲ್ಲಿ ಸಾರಿದ. ಚಪ್ಪಾಳೆ ಬಿತ್ತು. ಅಣವೀರಪ್ಪ ಹಾಡಿನ ನಡುವೆಯೇ ಟ್ರಂಪೆಟ್ಟನ್ನು ಪೆಟ್ಟಿಗೆಗೆ ಹಾಕಿ ಎದ್ದುಹೋದ.

ಆಮೇಲೆ ಕುರ್ಲಾದ ಮದುವೆ ಬ್ಯಾಂಡು. ಮೆರವಣಿಗೆ ಬೀದಿಯ ತಿರುವಿಗೆ ಬಂದಾಗ ಮಾತ್ರ ಅವನಿಗೆ ತಡೆಯಲಾಗುತ್ತಿರಲಿಲ್ಲ. ಸಿನಿಮಾ ಹಾಡಿನ ಬಾಲಕ್ಕೆ ತನ್ನದೇ ಮೂರು ಸ್ವರ ಸೇರಿಸಿ ಎತ್ತರಕ್ಕೆ ಊದಿಬಿಡುತ್ತಿದ್ದ. ಮದುಮಗನ ಕುದುರೆ ಬೆದರಿ ಕಿವಿ ನಿಮಿರಿಸುತ್ತಿತ್ತು. ಕುದುರೆಯವನು ಬೈಯುತ್ತಿದ್ದ. ದೂಜ ನಗುತ್ತ ತಾಳ ಹಿಡಿಯುತ್ತಿದ್ದ.

*

ಚಾಳಿನಲ್ಲಿ ಊದಿದರೆ ಬೈಗುಳ ಬೀಳುತ್ತಿದ್ದುದರಿಂದ ಘಾಟ್ಕೋಪರಿನಲ್ಲಿ ಏಳುತ್ತಿದ್ದ ಒಂದು ಬಿಲ್ಡಿಂಗಿಗೆ ಹೋಗಿ ಅಭ್ಯಾಸ ಮಾಡುತ್ತಿದ್ದ. ಅಲ್ಲಿ ಇಟ್ಟಿಗೆ ಹೊರುತ್ತಿದ್ದ ಹಾಲವ್ವ, ಮಾತಿನ ಧಾಟಿ ಗುರುತಿಸಿ ಊರು ಕೇಳಿದಳು. ಅಪ್ಪನ ಹೆಸರೂ ಕೇಳಿದಳು. ಹೇಳಿದ. ಅವಳು ಬುಟ್ಟಿ ಎತ್ತಿಕೊಂಡು ನಡೆದೇಬಿಟ್ಟಳು. ಸುಟ್ಟುಹೋದ ಕೇರಿಯಲ್ಲಿ ಅವಳ ಮನೆಯೂ ಇತ್ತು.

ಮರುದಿನ ಅವನು ಟ್ರಂಪೆಟ್ ಇಲ್ಲದೆ ಬಂದ.

"ಬೆಂಕಿ ನಾ ಹಚ್ಚಿಲ್ಲ ಅಂತ ಹೇಳಾಕ ಬಂದಿಲ್ಲ," ಎಂದ. "ಆವತ್ತು ಮನ್ಯಾಗ ಕುಂತು ಊಟ ಮಾಡಾಕತ್ತಿದ್ದೆ. ಒದರೋದು ಕೇಳಿಸ್ತು. ಎದ್ದು ಬರಲಿಲ್ಲ."

ಇಷ್ಟನ್ನು ಆ ಮನೆತನದ ಯಾರೂ ಯಾರಿಗೂ ಹೇಳಿರಲಿಲ್ಲ. ಹಾಲವ್ವ ಬುಟ್ಟಿ ಕೆಳಗಿಟ್ಟು, ಕೂತುಕೋ ಎಂದು ಇಟ್ಟಿಗೆ ರಾಶಿಯನ್ನು ತೋರಿಸಿದಳು.

*

"ಎಷ್ಟಂದ್ರೂ ನಮ್ಮ ರಕ್ತ ಅದು," ಎಂದ ಕಾಶಪ್ಪ.

"ಹಂಗಾರ ಒಯ್ಯಿರಿ. ನಾನೂ ಗಾಡಿ ಹತ್ತತೀನಿ," ಎಂದಳು ಹಾಲವ್ವ. "ನಾ ಯಾ ಕೇರಿಯಾಕಿ ಅಂತ ನೀವು ಕೇಳೇ ಇಲ್ಲ, ಧಣ್ಯಾರ. ನೀವು ಸುಟ್ಟ ಕೇರಿಯಾಕಿ. ಮಣ್ಣು ಕೊಡೋ ಮುಂದ, ಇವರು ಊರು ಯಾಕ ಬಿಟ್ರು ಅಂತ ನಿಮ್ಮ ಮಂದಿ ಎದುರಿಗೇ ಹೇಳ್ತೀನಿ."

ಕಾಶಪ್ಪ ಆಗಲೇ ಮೊದಲು ಅವಳ ಮುಖ ನೋಡಿದ್ದು. ಕೈಯಲ್ಲಿದ್ದ ಬಾವುಟವನ್ನು ಎಲ್ಲಿಡಬೇಕೆಂದು ತೋಚದೆ ಹಿಂದಿದ್ದವನಿಗೆ ದಾಟಿಸಿದ.

"ಇಲ್ಲೇ ಮಾಡ್ರಿ," ಎಂದ.

ಕೆಳಗೆ ಬ್ಯಾಂಡಿನವರು ಸಾಲುಗಟ್ಟಿದ್ದರು. ಬೇರೆ ಬಟ್ಟೆ ಇರಲಿಲ್ಲ, ಮದುವೆಯ ಕೆಂಪು ಕೋಟನ್ನೇ ತೊಟ್ಟಿದ್ದರು. ಯಾರಾದರೂ ಬಾರದ ದಿನ ಉಳಿದವರು ಸರಿದು ಸಾಲು ಮುಚ್ಚುವುದು ಬ್ಯಾಂಡಿನ ರೂಢಿ, ಜನ ಕಡಿಮೆ ಎಂದು ಮದುವೆಯವರಿಗೆ ಕಾಣಬಾರದಲ್ಲ. ಇವತ್ತು ಯಾರೂ ಸರಿದಿರಲಿಲ್ಲ. ಮುಂದಿನ ಸಾಲಿನಲ್ಲಿ ಒಬ್ಬನ ಜಾಗ ಹಾಗೇ ಇತ್ತು.

ನಾಲ್ವರು ಹೊತ್ತ ಹೂವಿನ ವಿಮಾನದಲ್ಲಿ ಕೂತ ತಮ್ಮನ ಹಿಂದೆ ಕಾಶಪ್ಪ ಇಳಿದು ಬಂದ. ಮೆರವಣಿಗೆಯಲ್ಲಿ ಮುಂದೆ ಖಾಲಿ ಜಾಗ ಇದ್ದರೆ ಅದು ತನಗೇ ಎಂದು ಹುಟ್ಟಿದಂದಿನಿಂದ ತಿಳಿದಿದ್ದವನು. ಯೋಚಿಸದೆ ಹೋಗಿ ಅಲ್ಲಿ ನಿಂತ, ಚಾಳಿನ ಗ್ಯಾಲರಿಯಲ್ಲಿ ನಿಂತ ಜನರತ್ತ ಕೈ ಮುಗಿದೂಬಿಟ್ಟ.

ದೂಜನ ಕೋಲು ಮೇಲೆದ್ದದ್ದು ಹಾಗೇ ನಿಂತಿತು.

"ಸಾಹೇಬ್ರೆ, ಅದು ಖಾಲಿ ಅಲ್ಲ."

ಕಾರ್ಯಕರ್ತರು ಮುಂದೆ ಬಂದರು. ಹಾಲವ್ವ ಹಿಂದಿನಿಂದ ಕರೆದಳು. "ಭಾವಾರ, ಇಲ್ಲಿ ಬರ್ರಿ. ನನ್ನ ಕೂಡ ನಡೀರಿ."

ಆ ಮಾತಿನಿಂದ ಅವಳು ಅವನನ್ನು ಹಿಂದೆಂದೂ ಕರೆದಿರಲಿಲ್ಲ. ಕಾಶಪ್ಪ ಮುಗಿದ ಕೈ ಇಳಿಸಿದ. ಸಾಲು ಬಿಟ್ಟು ಬಂದು, ಚಾಳಿನ ಜನರ ನಡುವೆ, ಅವಳ ಪಕ್ಕದಲ್ಲಿ ನಿಂತ. ಅವನ ಕಣ್ಣು ಒದ್ದೆಯಾಗಿತ್ತು.

ಡ್ರಮ್ ಬಿತ್ತು. ಮೆರವಣಿಗೆ ಸ್ಟೇಷನ್ನಿನ ತಿರುವಿಗೆ ಬಂದಾಗ ಹಾಡು ಮುಗಿಯಿತು, ಅಣವೀರಪ್ಪ ತನ್ನ ಮೂರು ಸ್ವರ ಸೇರಿಸುವ ಕಡೆ ಎಲ್ಲರೂ ವಾದ್ಯ ಕೆಳಗಿಳಿಸಿದರು. ದೂಜ ಒಬ್ಬನೇ ತಾಳ ಹಿಡಿದು ಕಾದ.

ಯಾರೂ ಊದಲಿಲ್ಲ. ತಿರುವಿನ ಲಾಯದ ಮುಂದೆ ಕಟ್ಟಿದ್ದ ಮದುವೆಯ ಕುದುರೆ ಹುಲ್ಲು ಬಿಟ್ಟು ತಲೆ ಎತ್ತಿ ಕಿವಿ ನಿಮಿರಿಸಿತು.