ಅರ್ಧ ಸುತ್ತು

ಗಂಗುಲಪ್ಪ ಗ್ರೈಂಡರಿಗೆ ಮಚ್ಚು ಕೊಟ್ಟಾಗ ಕಿಡಿಗಳು ಶೆಡ್ಡಿನ ಬಾಗಿಲು ದಾಟಿ ಅಂಗಳಕ್ಕೆ ಸಿಡಿದವು. ಅಂಗಳದ ಚಾಪೆಯ ಮೇಲೆ ಅವನ ಅಣ್ಣ ಮುನಿಕೃಷ್ಣನ ಹೆಣವಿತ್ತು. ತಲೆದೆಸೆಯಲ್ಲಿ ಕೂತಿದ್ದ ಆಂಜಿನಮ್ಮ ಗಂಡನ ಮುಖಕ್ಕೆ ಸೆರಗು ಅಡ್ಡ ಹಿಡಿದಳು.

"ಏಮಿರಾ ಇದಿ? ಏನೋ ಇದು? ಹೆಣದ ಮುಂದೆ ಮಚ್ಚು ಮಸೀತಾರೇನೋ?" ಎಂದಳು ಸೋದರತ್ತೆ ದೊಡ್ಡಗಂಗಮ್ಮ.

"ಮಣ್ಣಿಗೆ ಕೋದಂಡರಾಮಪ್ಪ ಬಂದೇ ಬರ್ತಾನೆ ಕಣತ್ತೆ. ಹದಿನೈದು ವರ್ಷದ ಗಿರಾಕಿ. ಬರಲಿ. ಅಣ್ಣನ್ನ ಬಡಿದ ಕೈ ಕಡಿದು ಅದೇ ಗುಂಡಿಗೆ ಹಾಕ್ತೀನಿ."

ಚಟ್ಟಕ್ಕೆ ಬಿದಿರು ಸೀಳುತ್ತಿದ್ದ ಮುದುಕ ಮುನಿಯಲ್ಲಪ್ಪ ಗೊಣಗಿದ. "ಅಣ್ಣ ಇದ್ದಾಗ ಒಂದಿನ ಮಾತು ಕೇಳಿದವನಲ್ಲ, ಈಗ ಬಂತು ನೋಡು ಪ್ರೀತಿ. ರಾಮಪ್ಪನ ಮಗ ಸತ್ತವನೆ ಕಣೋ. ಅವನು ಓಡಿಸ್ತಿದ್ದ ಟೆಂಪೋ ಸ್ಟೇರಿಂಗ್ ರಿಪೇರಿ ಮಾಡಿದ್ದು ನಿಮ್ಮಣ್ಣನೇ ತಾನೆ?"

ಗಂಗುಲಪ್ಪ ಹಾರಿ ಬಂದು ಮುದುಕನ ಕತ್ತಿನ ಪಟ್ಟಿ ಹಿಡಿದು ಗೋಡೆಗೆ ಅದುಮಿದ. ಬಿಡಿಸಲು ನಾಲ್ಕು ಜನ ಬೇಕಾಯಿತು. ಮುದುಕನ ಮೂಗಿನಿಂದ ರಕ್ತ ಇಳಿಯಿತು. ಆಂಜಿನಮ್ಮ ಅದನ್ನು ನೋಡಲಿಲ್ಲ. ಅವಳ ಕಣ್ಣು ಶೆಡ್ಡಿನ ಪಕ್ಕದಲ್ಲಿ ಎಡಮಗ್ಗುಲು ನಜ್ಜುಗುಜ್ಜಾಗಿ ನಿಂತಿದ್ದ ಟೆಂಪೋ ಮೇಲಿತ್ತು.

*

ಟೊಮೇಟೊ ತುಂಬಿಕೊಂಡು ಹೊರಟ ಆ ಟೆಂಪೋ ಬೈರಕೂರಿನ ತಿರುವಿನಲ್ಲಿ ನೇರಕ್ಕೆ ಬಾರದೆ ಹುಣಸೆ ಮರಕ್ಕೆ ಬಡಿದಿತ್ತು. ಓಡಿಸುತ್ತಿದ್ದ ಅನಿಲ್‌ಕುಮಾರ್, ಕೋದಂಡರಾಮಪ್ಪನ ಒಬ್ಬನೇ ಮಗ, ಅಲ್ಲೇ ಹೋದ. ಪೊಲೀಸರು ಮಹಜರು ಮುಗಿಸಿ ಗಾಡಿ ಬಿಟ್ಟ ದಿನ ಕೋದಂಡರಾಮಪ್ಪ ಅದನ್ನು ಟ್ರಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಬಂದ. ಜೊತೆಗೆ ಭಾವಮೈದುನರಿಬ್ಬರು.

ಮುನಿಕೃಷ್ಣನ ಕಾಲು ಹಿಡಿದು ಶೆಡ್ಡಿನಿಂದ ಎಳೆದು ಟೆಂಪೋ ಮುಂಚಕ್ರದ ಹತ್ತಿರ ಕೆಡವಿದರು. ವೀಲ್ ಸ್ಪ್ಯಾನರಿನ ಮೊದಲ ಏಟು ಹೆಗಲಿಗೆ, ಎರಡನೆಯದು ಪಕ್ಕೆಗೆ. ಆಂಜಿನಮ್ಮ ಅಡ್ಡ ಬಿದ್ದಳು; ಅವಳನ್ನು ಒದ್ದು ಸರಿಸಿದರು.

"ಏನ್ಲಾ ಮಾಡ್ದೆ ನನ್ನ ಗಾಡಿಗೆ? ಹೇಳೋ!"

ನೆಲಕ್ಕೆ ಕೆನ್ನೆ ಕೊಟ್ಟು ಬಿದ್ದಿದ್ದ ಮುನಿಕೃಷ್ಣ ಗಾಡಿಯ ತಳಭಾಗವನ್ನೇ ಕೊಂಚ ಹೊತ್ತು ನೋಡಿದ. ಆಮೇಲೆ ಬಾಯಿಂದ ರಕ್ತದ ಜೊತೆ ಒಂದು ಹಲ್ಲು ಉಗಿದು, "ತಪ್ಪು ನಂದೇ ರಾಮಪ್ಪ. ಹೊಡಿ," ಎಂದ.

ಹೊಡೆದರು. ಕೋಲಾರಕ್ಕೆ ಸಾಮಾನು ತರಲು ಹೋಗಿದ್ದ ಗಂಗುಲಪ್ಪ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆಸ್ಪತ್ರೆಗೂ ಬೇಡ, ಸ್ಟೇಷನ್ನಿಗೂ ಬೇಡ ಎಂದು ಹಟ ಹಿಡಿದ ಮುನಿಕೃಷ್ಣ ಐದನೇ ದಿನ ಟೀ ಲೋಟ ಕೈಯಲ್ಲಿದ್ದಂತೆಯೇ ಗೋಡೆಗೆ ಒರಗಿಬಿಟ್ಟ.

*

ಆಂಜಿನಮ್ಮ ಎದ್ದಳು.

ಮೂವತ್ತು ವರ್ಷ ಆ ಶೆಡ್ಡಿನ ಕೆಲಸ ನಡೆದದ್ದು ಹೀಗೆ: ಅವಳು ಡ್ರೈವರ್ ಸೀಟಿನಲ್ಲಿ ಕೂತು ಸ್ಟೇರಿಂಗನ್ನು ಆ ಕಡೆ ಈ ಕಡೆ ಸಣ್ಣಗೆ ಅಲ್ಲಾಡಿಸಬೇಕು, ಗಂಡ ಗಾಡಿಯ ಕೆಳಗೆ ಮಲಗಿ ಒಂದೊಂದೇ ಜಾಯಿಂಟಿನ ಮೇಲೆ ಕೈ ಇಡಬೇಕು. ಎಲ್ಲಿ ಸಡಿಲವಿದೆಯೋ ಅಲ್ಲಿ ಕೈಗೆ ಗೊತ್ತಾಗುತ್ತದೆ. ಅವಳ ಕೈಯೂ ಕಲಿತಿತ್ತು.

"ಗಂಗುಲಪ್ಪ, ಮಚ್ಚು ಆಮೇಲೆ. ಗಾಡಿ ಕೆಳಗೆ ತೂರು."

"ಹೆಣ ಇಟ್ಕೊಂಡು ಈ ಕೆಲಸನಾ ಅತ್ತಿಗೆ?"

"ಹೆಣ ಎಲ್ಲಿಗೂ ಹೋಗಲ್ಲ. ತಪ್ಪು ಮಾಡಿದ ಕೈ ಅಂತ ಹೆಸರು ಹೊತ್ಕೊಂಡು ಅವರು ಮಣ್ಣಿಗೆ ಹೋಗಬಾರದು. ತೂರು."

ಸೀಟಿನ ಮೇಲೆ ಅನಿಲನ ರಕ್ತ ಒಣಗಿ ಕಪ್ಪಾಗಿತ್ತು. ಅದರ ಮೇಲೇ ಕೂತಳು. ಸ್ಟೇರಿಂಗ್ ಅಲ್ಲಾಡಿಸಿದಳು.

"ಬಾಲ್ ಜಾಯಿಂಟು?"

"ಬಿಗಿಯಾಗೈತೆ. ಹೊಸದು."

"ರಾಡು?"

"ಚೆನ್ನಾಗೈತೆ."

ಆದರೆ ಸ್ಟೇರಿಂಗ್ ನಡುವಿಗೆ ಬಂದಾಗಲೆಲ್ಲ ಯಾರೋ ಹಲ್ಲಿನಲ್ಲಿ ಕಚ್ಚಿ ಹಿಡಿದ ಹಾಗಾಗುತ್ತಿತ್ತು. ಸ್ಟೇರಿಂಗ್ ಬಾಕ್ಸಿನ ಸ್ಕ್ರೂ ಜಾಸ್ತಿ ಬಿಗಿಯಾದರೆ ಹೀಗೆ. ತಿರುವಿದ ಚಕ್ರ ತಾನಾಗಿ ನೇರಕ್ಕೆ ಬರುವುದಿಲ್ಲ.

"ಬಾಕ್ಸ್ ಮೇಲಿನ ನಟ್ಟು ನೋಡು."

ಇಳಿದು ಬಗ್ಗಿ ನೋಡಿದಳು. ಸ್ಕ್ರೂ ಕೂರಿಸಿದ ಮೇಲೆ ನಟ್ಟಿಗೆ ಒಂದು ತೊಟ್ಟು ಕೆಂಪು ಬಣ್ಣ ಹಚ್ಚುವುದು ಮುನಿಕೃಷ್ಣನ ಅಭ್ಯಾಸ. ಆ ಬಣ್ಣ ಒಡೆದಿತ್ತು. ಅವತ್ತು ಏಟು ತಿನ್ನುತ್ತ ಅವನು ಬಿದ್ದಿದ್ದ ಜಾಗದಿಂದ ಅದು ನೆಟ್ಟಗೆ ಕಾಣುತ್ತಿತ್ತು. ಗಂಗುಲಪ್ಪ ಕಣ್ಣು ಮುಚ್ಚಿಕೊಂಡು ಮಲಗಿದ್ದ.

"ಯಾರೋ ಮುಟ್ಟಿದ್ದು?"

"ಅನಿಲ ಇನ್ನೂ ಒಂಚೂರು ಸಡಿಲ ಐತೆ ಅಂದ. ಅಣ್ಣ ಟೀಗೆ ಹೋಗಿದ್ದ. ಅರ್ಧ ಸುತ್ತು ಅತ್ತಿಗೆ. ಅರ್ಧ ಸುತ್ತೇ ಕೊಟ್ಟಿದ್ದು."

"ಗೊತ್ತಿದ್ದೂ ಮಚ್ಚು ಮಸೆದ್ಯಾ?"

"ಅದೇ ಇರಬೈದು ಅಂತ ಅನ್ನಿಸ್ತಿತ್ತು. ನೋಡೋಕೆ ಧೈರ್ಯ ಬರಲಿಲ್ಲ."

ಆಂಜಿನಮ್ಮ ಅವನ ಕೂದಲು ಹಿಡಿದು ಹೊರಗೆಳೆದು ಹಲ್ಲು ಅಲ್ಲಾಡುವಂತೆ ಬಾರಿಸಿದಳು. ಕೈ ಸೋಲುವವರೆಗೂ ಬಾರಿಸಿದಳು. ಸಂಕಟಕ್ಕೆ ಹೀಗಾಡುತ್ತಾಳೆ ಎಂದು ಹೆಂಗಸರು ಅವಳ ರಟ್ಟೆ ಹಿಡಿದುಕೊಂಡರು.

"ಅವರು ನಿನಗೆ ಬೀಳಬೇಕಿದ್ದ ಏಟು ತಿಂದು ಸುಮ್ಮನೆ ಹೋದರು," ಎಂದಳು ತಗ್ಗಿದ ದನಿಯಲ್ಲಿ. "ನಾನು ಸುಮ್ಮನಿರಲ್ಲ. ನೀನು ಹೇಳ್ತೀಯೋ, ನಾನೇ ಹೇಳ್ಲೋ?"

*

ಕೋದಂಡರಾಮಪ್ಪ ಒಬ್ಬನೇ ಬಂದ. ಗುಂಡಿಯ ಅಂಚಿನಲ್ಲಿ ನಿಂತು ಒಂದು ಹಿಡಿ ಮಣ್ಣು ಎತ್ತಿಕೊಂಡ. ಗಂಗುಲಪ್ಪ ಅವನ ಕಡೆ ನಡೆದದ್ದು ಕಂಡು ಜನ ಹಿಂದೆ ಸರಿದರು. ಮುನಿಯಲ್ಲಪ್ಪ ಗುದ್ದಲಿ ಎತ್ತಿ ಹಿಡಿದ.

ಗಂಗುಲಪ್ಪ ಕೋದಂಡರಾಮಪ್ಪನ ಕಾಲ ಬುಡದಲ್ಲಿ ಮಂಡಿಯೂರಿದ. "ಆ ಸ್ಕ್ರೂ ಬಿಗಿ ಮಾಡಿದ್ದು ನಾನು ರಾಮಪ್ಪಣ್ಣ. ನಮ್ಮಣ್ಣ ಅಲ್ಲ."

ಕೋದಂಡರಾಮಪ್ಪ ಗುಂಡಿಯೊಳಗಿದ್ದವನ ಮುರಿದ ಬಾಯನ್ನು ನೋಡಿದ. ಮಣ್ಣು ಹಿಡಿದ ಮುಷ್ಟಿ ಮೇಲೆದ್ದಿತು. ಈಗ ಬಿತ್ತು ಏಟು ಎಂದು ಎಲ್ಲರೂ ಉಸಿರು ಹಿಡಿದರು. ಆಂಜಿನಮ್ಮ ಅಡ್ಡ ಬರಲಿಲ್ಲ.

ಮುಷ್ಟಿ ಗಂಗುಲಪ್ಪನ ತಲೆಯ ಮೇಲೆ ಬಂದು ನಿಂತು ನಿಧಾನ ಬಿಚ್ಚಿಕೊಂಡಿತು. ಮಣ್ಣು ಕೂದಲ ಮೇಲೆ ಸುರಿಯಿತು. ಕೋದಂಡರಾಮಪ್ಪ ಬಗ್ಗಿ ಇನ್ನೊಂದು ಹಿಡಿ ಎತ್ತಿದ, ಸುರಿದ. ಮತ್ತೊಂದು ಎತ್ತಿದ. ಮೂರನೆಯದು ಹಣೆಯಿಂದ ಜಾರಿ ರೆಪ್ಪೆಗಳ ಮೇಲೆ ಕೂತಿತು. ಗಂಗುಲಪ್ಪ ಒರೆಸಿಕೊಳ್ಳಲಿಲ್ಲ.