ನಡುಮನೆಗೆ ಬಂದ ಹುಳು

ಅಣ್ಣನಿಗೆ ನೋಡಿದ್ದ ಹೆಣ್ಣಿನ ಕಡೆಯವರು ನಮ್ಮ ಮನೆ ನೋಡಲು ಬರುವ ದಿನವೇ ಹುಳು ಹಣ್ಣಾಗತೊಡಗಿದವು. ರೇಷ್ಮೆ ಹುಳು ಯಾರ ಮುಹೂರ್ತವನ್ನೂ ಕೇಳುವುದಿಲ್ಲ. ಸೊಪ್ಪು ತಿನ್ನುವುದು ಬಿಟ್ಟು, ಮೈ ಹಳದಿಗೆ ತಿರುಗಿ, ಗೂಡು ಕಟ್ಟಲು ತಲೆ ಎತ್ತಿ ಜಾಗ ಹುಡುಕುತ್ತವೆ. ಆಗ ಒಂದೊಂದನ್ನೂ ಆರಿಸಿ, ಗೂಡು ಕಟ್ಟಲೆಂದೇ ಹೆಣೆದ ಬಿದಿರಿನ ಚಂದ್ರಿಕೆಗೆ ಬಿಡಬೇಕು. ಅಮ್ಮ ಇಷ್ಟು ದಿನ ನಿದ್ದೆಗೆಟ್ಟು ಸೊಪ್ಪು ಹಾಕಿದ್ದು ಈ ಒಂದು ದಿನಕ್ಕೆ.

ತಿರುಮಲೇಶಣ್ಣನಿಗೆ ಇದು ಗೊತ್ತಿಲ್ಲದ್ದೇನಲ್ಲ. ಈ ಹುಳುವಿನ ದುಡ್ಡಲ್ಲೇ ಓದಿದವನು. ಆದರೆ ಗೌರಿಬಿದನೂರಿನ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ ಆದಮೇಲೆ ಅವನ ಮೂಗಿಗೂ ಬಡ್ತಿ ಸಿಕ್ಕಿಬಿಟ್ಟಿದೆ.

"ಮನೆಯೆಲ್ಲ ಹಿಕ್ಕೆ ವಾಸನೆ. ಅವ್ರು ಚಿಕ್ಕಬಳ್ಳಾಪುರ ಟೌನಿನೋರು, ಏನಂದ್ಕೋತಾರಮ್ಮ?"

"ಮದ್ವೆಗೆ ಉಡೋ ಸೀರೆ ಎಲ್ಲಿಂದ ಬರುತ್ತೆ ಅಂದ್ಕೊಂಡವ್ರಂತೆ, ಆಕಾಶದಿಂದ್ಲಾ?" ಅಂದಳು ಅಮ್ಮ.

ಅವನ ಬ್ಯಾಗಿನಲ್ಲಿ ರೂಮ್ ಫ್ರೆಶ್ನರ್ ಇತ್ತು. ಅಮ್ಮ ಸೀರೆ ಬದಲಾಯಿಸಲು ಹೋದಾಗ ಹುಳುಮನೆಯ ಬಾಗಿಲು ತೆಗೆದು ಮೂಲೆಮೂಲೆಗೂ ಹೊಡೆದ. ಹುಳು ಇರುವ ಮನೆಯಲ್ಲಿ ನಾವು ಊದುಬತ್ತಿ ಹಚ್ಚುವುದಿಲ್ಲ, ಮುಖಕ್ಕೆ ಪೌಡರ್ ಕೂಡ ಹಾಕುವುದಿಲ್ಲ; ಆ ಘಮ ಅವಕ್ಕೆ ವಿಷ. ನಾನು ಹಿತ್ತಲಿನಿಂದ ಬರುವಷ್ಟರಲ್ಲಿ ಮಲ್ಲಿಗೆಯ ಸುಳ್ಳು ವಾಸನೆ ಮೂಗಿಗೆ ಬಡಿಯಿತು. ಹೊರಗೆ ಕಾರು ನಿಂತಿತು.

ಹುಡುಗಿಯ ತಾಯಿ ಮಾಲಾ ಅವರು ನಡುಮನೆಯ ಸೋಫಾದಲ್ಲಿ ಕುಳಿತು, ರೇಷ್ಮೆ ಸೆರಗಿನಿಂದಲೇ ಮೂಗು ಮುಚ್ಚಿಕೊಂಡರು. ಅವರ ಯಜಮಾನರು ಪಕ್ಕದಲ್ಲಿ ಫೋನು ನೋಡುತ್ತಿದ್ದರು.

"ಏನೋ ವಾಸನೆ ಅಲ್ವಾ?"

"ಪಕ್ಕದ್ಮನೆಯೋರು ಹುಳು ಸಾಕ್ತಾರೆ ಆಂಟಿ," ಅಂದ ಅಣ್ಣ. "ಬೇಡ ಅಂತ ಹೇಳಿ ಹೇಳಿ ಸಾಕಾಗಿದೆ."

ಬಾಗಿಲ ಹಿಂದೆ ಕಾಫಿ ಹಿಡಿದು ನಿಂತಿದ್ದ ನನಗೆ ಕೇಳಿಸಿತು. ಅಷ್ಟು ಸಲೀಸಾಗಿ ಅಮ್ಮನನ್ನು ಪಕ್ಕದ ಮನೆಗೆ ಕಳಿಸಿಬಿಟ್ಟ.

"ತನು, ಬಾ ಇಲ್ಲಿ." ಹುಳುಮನೆಯಿಂದ ಅಮ್ಮನ ಪಿಸುದನಿ. ಹೋಗಿ ನೋಡಿದರೆ ತಟ್ಟೆಗಳಲ್ಲಿ ಹುಳುಗಳು ತಲೆ ಒದರುತ್ತ ಹಸಿರು ರಸ ಕಕ್ಕುತ್ತಿದ್ದವು.

"ಗಾಳಿ ಬೇಕು ಕಣೇ. ಇಲ್ಲೇ ಇದ್ರೆ ಒಂದೂ ಉಳಿಯಲ್ಲ."

ಅಂಗಳದಲ್ಲಿಟ್ಟರೆ ಬಿಸಿಲು, ಇರುವೆ, ಕಾಗೆ. ಎದುರುಬದುರು ಕಿಟಕಿ ಇರುವುದು ನಡುಮನೆಯಲ್ಲಿ ಮಾತ್ರ.

"ಬೀಗರು ಕೂತವ್ರಲ್ಲೇ," ಅಂದಳು ಅಮ್ಮ. ತಟ್ಟೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು.

ನೆಂಟರು ಬಂದರೆ ಅಡುಗೆಮನೆ ಬಿಟ್ಟು ಈಚೆ ಬಾರದವಳು ನಾನು. ತಟ್ಟೆ ಎತ್ತಿಕೊಂಡು ನೇರ ನಡುಮನೆಗೆ ಹೋದೆ.

"ಸ್ವಲ್ಪ ಎದ್ದೇಳಿ. ಹುಳು ಇಡಬೇಕು."

ಮಾಲಾ ಅವರು ಕಾಲೆರಡನ್ನೂ ಸೋಫಾ ಮೇಲೆ ಎಳೆದುಕೊಂಡರು. "ಪಕ್ಕದ್ಮನೇದು ಇಲ್ಲಿಗ್ಯಾಕಮ್ಮ?"

"ನಮ್ದೇ ಆಂಟಿ. ನೀವು ಉಟ್ಟಿರೋದೂ ಇದೇ. ಇದನ್ನ ಇನ್ನೂ ನೇಯ್ದಿಲ್ಲ, ಅಷ್ಟೆ."

ಯಜಮಾನರು ಫೋನು ಜೇಬಿಗಿಟ್ಟು ಎದ್ದರು. ಅಮ್ಮ ಎರಡನೇ ತಟ್ಟೆ ತಂದಳು, ನಾನು ಮೂರನೆಯದಕ್ಕೆ ಹೋದೆ. ಸೋಫಾ, ಟೀಪಾಯಿ, ನೆಲ, ಎಲ್ಲ ಕಡೆ ಹುಳು. ಮಾಲಾ ಅವರು ಹೊಸಲು ದಾಟಿ ನಿಂತು, "ಪಾಪ, ಎಷ್ಟು ಕಷ್ಟಪಡ್ತೀರಪ್ಪ. ನಮಗೆ ರೈತರು ಅಂದ್ರೆ ತುಂಬಾ ಗೌರವ," ಅಂದರು. ಗೌರವ ಕೊಡುವಾಗಲೂ ಸೆರಗು ಮೂಗಿನಿಂದ ಇಳಿಯಲಿಲ್ಲ. ಇಂಥ ಗೌರವಕ್ಕೆ ಖರ್ಚಿಲ್ಲ, ಅದಕ್ಕೇ ಜನ ಧಾರಾಳವಾಗಿ ಹಂಚುತ್ತಾರೆ. "ಹೇಳಿ ಕಳಿಸ್ತೀವಿ" ಅಂದು ಕಾರು ಹತ್ತಿದರು.

"ಸಂಬಂಧ ಹೋಯ್ತು, ಇವಳಿಂದ," ಅನ್ನುತ್ತ ಅಣ್ಣ ಒಳಗೆ ಬಂದ. ಹುಳುಗಳ ಕಡೆ ಕಣ್ಣು ಹೋದಮೇಲೆ ತಟ್ಟೆ ಸರಿಸಲು ಕೈ ಚಾಚಿದ.

"ಮುಟ್ಬೇಡ," ಅಂದಳು ಅಮ್ಮ. "ಅಂಗಿಗೂ ಸೆಂಟು ಹೊಡ್ಕೊಂಡಿದೀಯ."

"ನನ್ ಮದ್ವೆಗಿಂತ ಹುಳು ಹೆಚ್ಚಾಯ್ತೇನಮ್ಮ?"

"ಸಂಬಂಧ ಇನ್ನೊಂದು ಬರುತ್ತೆ ಕಣಪ್ಪ. ಇವು ಇನ್ನೊಂದ್ಸಲ ಹಣ್ಣಾಗಲ್ಲ. ಹೋಗು, ಸೋಪು ಹಾಕ್ದೆ ಸ್ನಾನ ಮಾಡ್ಕೊಂಡು ಬಾ."

ಕಿಟಕಿಯ ಗಾಳಿಗೆ ಕೆಲವು ಹುಳುಗಳು ನಿಧಾನಕ್ಕೆ ಮತ್ತೆ ತಲೆ ಎತ್ತಿದವು. ಬಹಳಷ್ಟು ಎತ್ತಲಿಲ್ಲ. ಎತ್ತಿದವನ್ನು ಅಮ್ಮನೂ ನಾನೂ ಆರಿಸಿ ಚಂದ್ರಿಕೆಗೆ ಬಿಡುತ್ತಿದ್ದಾಗ ಅಣ್ಣ ಹಳೆಯ ಬನಿಯನ್ ಹಾಕಿಕೊಂಡು, ಒದ್ದೆ ತಲೆಯಲ್ಲಿ ಬಂದು ಪಕ್ಕ ಕುಳಿತ.

"ನಾನೇನು ಮಾಡ್ಲಿ?"

ಸತ್ತವನ್ನು ಆರಿಸಿ ತೆಗೆಯಬೇಕಾದ ತಟ್ಟೆಯನ್ನು ಅವನ ಮುಂದಕ್ಕೆ ತಳ್ಳಿದೆ.