ಅಡಕತ್ತರಿಯ ಗುರುತು

ಬಟ್ಟೆಯ ಪಟ್ಟಿಯ ಮೇಲೆ ಮೂರು ಪದಕಗಳಿದ್ದವು. ನಾಲ್ಕನೆಯದರ ಜಾಗ ಖಾಲಿ.

ಒಂದೊಂದೂ ಹೆಬ್ಬೆರಳಿನ ಉಗುರಿಗಿಂತ ಚೂರು ದೊಡ್ಡದು. ಸೈನ್ಯದ ಅಧಿಕಾರಿಗಳು ಕವಾಯತಿನ ದಿನ ದೊಡ್ಡ ಪದಕಗಳನ್ನು ತೊಡುತ್ತಾರೆ. ಮೆಸ್ಸಿನ ಔತಣದ ಕೋಟಿಗೆ ಅವುಗಳ ಈ ಚಿಕ್ಕ ಪ್ರತಿಗಳನ್ನು ಸಿಕ್ಕಿಸಿಕೊಳ್ಳುತ್ತಾರೆ. ವಾಗ್ದೇವಿಗೆ ದೊಡ್ಡವುಗಳ ಮೇಲೆ ಆಸೆಯಿರಲಿಲ್ಲ. ಅವುಗಳ ಅಂಚಿನಲ್ಲಿ ಸಾಮಾನ್ಯವಾಗಿ ತೊಟ್ಟವನ ಹೆಸರೇ ಕೆತ್ತಿರುತ್ತದೆ. ಚಿಕ್ಕವುಗಳಿಗೆ ಹೆಸರಿಲ್ಲ. ಅವು ಯಾರ ಎದೆಯ ಮೇಲಿದ್ದವು ಎಂಬುದನ್ನು ಹುಡುಕಿ ತೆಗೆಯಬೇಕು.

ಅವಳ ತಂದೆ ಸುಬ್ಬಯ್ಯ ಬೆಂಗಳೂರಿನ ದಂಡಿನಲ್ಲಿ ಟೈಲರ್ ಆಗಿದ್ದವರು. ಪದಕಗಳನ್ನು ರಿಬ್ಬನ್ನಿನ ಸಮೇತ ಪಟ್ಟಿಗೆ ಹೊಲಿಯುವುದು ಅವರ ಕೆಲಸ. ಯಾರೂ ವಾಪಸು ಕೇಳದೆ ಉಳಿದವುಗಳ ಡಬ್ಬಿಯೊಂದು ಅವರ ನಂತರ ಮಗಳಿಗೆ ಬಂತು. ಸಾಗರದ ಹೆಣ್ಣುಮಕ್ಕಳ ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತ ಅವಳು ಆ ಡಬ್ಬಿಯನ್ನು ಬೆಳೆಸಿದಳು. ಆದರೆ ಅದರಲ್ಲಿದ್ದ ಒಂದಕ್ಕೂ ಹೆಸರು ಸಿಕ್ಕಿರಲಿಲ್ಲ. ಈ ಪಟ್ಟಿಗಾದರೂ ಹೆಸರು ಹುಡುಕಿಯೇ ತೀರಬೇಕು, ಹೋದ ಪದಕವನ್ನೂ ತಂದು ಕೂಡಿಸಬೇಕು ಎಂದು ಅವಳು ನಿರ್ಧರಿಸಿದ್ದಳು.

ಪಟ್ಟಿಯನ್ನು ಕೊಟ್ಟವನು ಸಾಗರದ ಬೆಳ್ಳಿ ಕೆಲಸದ ಮಂಜಯ್ಯ. ತೀರ್ಥಹಳ್ಳಿಯಲ್ಲಿ ಹಳೆಯ ಸಾಮಾನಿನ ಜೊತೆ ಕೊಂಡಿದ್ದನಂತೆ. ಉಳಿದ ಮೂರರಲ್ಲಿ ಒಂದು ಬರ್ಮಾ ಯುದ್ಧದ ನಕ್ಷತ್ರ. ಖಾಲಿ ಜಾಗ ಎಲ್ಲಕ್ಕಿಂತ ಮೊದಲನೆಯದು, ಶೌರ್ಯಪದಕದ್ದು. ಅಲ್ಲಿ ಬಿಳಿಯ ನಡುವೆ ನೇರಳೆ ಗೆರೆಯ ರಿಬ್ಬನ್ನಿನ ತುಂಡೊಂದು ಉಳಿದಿತ್ತು: ಮಿಲಿಟರಿ ಕ್ರಾಸ್. ಅದನ್ನು ಯಾರೋ ಕತ್ತರಿಸಿದ್ದರು. ಕತ್ತರಿಯಿಂದ ಅಲ್ಲ, ಬ್ಲೇಡಿನಿಂದಲೂ ಅಲ್ಲ. ಒಂದು ಬದಿ ಕೊಯ್ದಂತೆ, ಇನ್ನೊಂದು ಬದಿ ಜಜ್ಜಿದಂತೆ ಇತ್ತು. ಟೈಲರನ ಮಗಳಿಗೂ ಆ ಗುರುತು ಯಾವುದರದೆಂದು ತಿಳಿಯಲಿಲ್ಲ.

ಅವಳು ತೀರ್ಥಹಳ್ಳಿಗೆ ಹೋದಳು. ಆ ಸಾಮಾನು ಮಾರಿದ ಕಾಮಾಕ್ಷಮ್ಮ ಮನೆಯ ಮುಂಭಾಗವನ್ನು ಬಾಡಿಗೆಗೆ ಕೊಡುತ್ತಿದ್ದವರು. ಅಟ್ಟದ ಮೇಲೆ ಇಬ್ಬರು ಬಾಡಿಗೆದಾರರ ಟ್ರಂಕುಗಳು ಉಳಿದಿದ್ದವು ಎಂದರು. ಒಬ್ಬ ಅರಣ್ಯ ಇಲಾಖೆಯವನು, ವರ್ಗವಾಗಿ ಎಲ್ಲಿಗೆ ಹೋದನೋ ಗೊತ್ತಿಲ್ಲ. ಇನ್ನೊಬ್ಬ ಡಾಕ್ಟರ್ ಧರ್ಮಪ್ಪ, ಅಲ್ಲೇ ದವಾಖಾನೆ ಇಟ್ಟಿದ್ದು ಜ್ವರದಲ್ಲಿ ತೀರಿಕೊಂಡವನು. ಇಬ್ಬರೂ ಯುದ್ಧಕ್ಕೆ ಹೋಗಿ ಬಂದವರೇ. ಪಟ್ಟಿ ಯಾರ ಟ್ರಂಕಿನದು ಎಂದು ಕಾಮಾಕ್ಷಮ್ಮನಿಗೆ ನೆನಪಿರಲಿಲ್ಲ. ಡಾಕ್ಟರ ತಾಯಿ ಮಾತ್ರ ಹೊಸನಗರದ ಕಡೆಯ ಹಳ್ಳಿಯಲ್ಲಿ ಇನ್ನೂ ಇದ್ದಾಳೆ ಎಂದರು.

ಸಾಗರಕ್ಕೆ ಮರಳಿ ಹಳ್ಳಿಯ ದಾರಿ ಕೇಳಿದಾಗ ಮಂಜಯ್ಯ ನಕ್ಕ. ಮಂಗಳವಾರ ತಾನೂ ಅಲ್ಲಿಗೇ ಹೊರಟಿದ್ದ. ಬರುವ ಮಳೆಗಾಲಕ್ಕೆ ಶರಾವತಿಯ ಹಿನ್ನೀರು ಆ ಹಳ್ಳಿಯನ್ನು ಮುಳುಗಿಸುವುದಿತ್ತು. ಊರಿನವರು ತಮ್ಮ ಚೌಡಮ್ಮನನ್ನು ಎತ್ತಿಕೊಂಡು ಹೋಗುವ ಮೊದಲು, ಹರಕೆಯ ಬೆಳ್ಳಿಯನ್ನೆಲ್ಲ ಕರಗಿಸಿ ಅವಳಿಗೊಂದು ಮುಖವಾಡ ಮಾಡಿಸುವವರಿದ್ದರು.

ಹಳ್ಳಿಯಲ್ಲಿ ಅರ್ಧ ಮನೆಗಳ ಹೆಂಚು ಇಳಿದಿತ್ತು. ಗುಡಿಯ ಮುಂದೆ ಮಂಜಯ್ಯ ಕುಲುಮೆ ಹೂಡಿದ. ಪೂಜಾರಿ ಹುಲಿಯಪ್ಪ ಹರಕೆಯ ಬೆಳ್ಳಿಯನ್ನು ಮೊರಕ್ಕೆ ಸುರಿದ: ಕಣ್ಣುಗಳು, ಕಾಲುಗಳು, ಪುಟ್ಟ ತೊಟ್ಟಿಲುಗಳು. ಅವುಗಳ ನಡುವೆ ನಾಲ್ಕು ತೋಳುಗಳ ಒಂದು ಪುಟ್ಟ ಶಿಲುಬೆ, ತೋಳಿನ ತುದಿಗೊಂದೊಂದು ಕಿರೀಟ: ಮಿಲಿಟರಿ ಕ್ರಾಸಿನ ಚಿಕ್ಕ ಪ್ರತಿ. ವಾಗ್ದೇವಿಯ ಕೈ ಅದರ ಮೇಲೆಯೇ ನಿಂತಿತು.

ಅದು ಬೆಳ್ಳಮ್ಮನ ಹರಕೆ ಹೂವು ಎಂದ ಹುಲಿಯಪ್ಪ. ಬೆಳ್ಳಮ್ಮ ಎಂದರೆ ಡಾಕ್ಟರ ತಾಯಿ. ವಾಗ್ದೇವಿ ಕೂಡಲೇ ಕಾಲ್ಗೆಜ್ಜೆ ಬಿಚ್ಚಿ ಮೊರದ ಪಕ್ಕ ಇಟ್ಟಳು.

"ತೂಕಕ್ಕೆ ತೂಕ ಬೆಳ್ಳಿ ಇಟ್ರೆ ಬಿಡಿಸ್ಕಬೌದು ಅಮ್ಮಾವ್ರೆ," ಎಂದ ಹುಲಿಯಪ್ಪ. "ಆದ್ರೆ ಹರಕೆ ಹೊತ್ತೋರು ಹೂಂ ಅನ್ನಬೇಕು."

ಬೆಳ್ಳಮ್ಮ ಜಗಲಿಯ ಮೇಲೆ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದಳು. ಬಂದ ಕಾರಣ ಕೇಳಿ, ಗಂಡು ಹುಡುಕಬೇಕಾದ ವಯಸ್ಸಿನಲ್ಲಿ ಹುಡುಗಿ ಪದಕ ಹುಡುಕುತ್ತ ತಿರುಗುವುದೇ ಎಂದು, ಜೊತೆಗೆ ಬಂದಿದ್ದ ಹುಲಿಯಪ್ಪನ ಕಡೆ ನೋಡಿ ನಕ್ಕಳು. ಮಾತಾಡುತ್ತಲೇ ಅಡಕತ್ತರಿಯಲ್ಲಿ ಅಡಿಕೆ ಕತ್ತರಿಸಿದಳು. ಮೇಲಿನ ಅಲಗು ಕೊಯ್ದಿತು, ಕೆಳಗಿನ ಮೊಂಡು ಅಂಚು ಜಜ್ಜಿತು.

ವಾಗ್ದೇವಿ ಸೆರಗಿನ ತುದಿಯ ಒಂದು ಕುಚ್ಚನ್ನು ಎಳೆದು ಹಿಡಿದು, ಅಡಕತ್ತರಿಯಿಂದಲೇ ಕತ್ತರಿಸಿ ಕೊಡುವಂತೆ ಕೇಳಿಕೊಂಡಳು. ಪಟ್ಟಿಯ ರಿಬ್ಬನ್ನಿನ ಪಕ್ಕ ಇಟ್ಟು ನೋಡಿದಳು. ಅದೇ ಗುರುತು. ಪಟ್ಟಿ ಧರ್ಮಪ್ಪನದೇ.

ಪಟ್ಟಿ ನೋಡಿ ಬೆಳ್ಳಮ್ಮನೇ ಹೇಳಿದಳು. ಮಗ ಬರ್ಮಾದಲ್ಲಿದ್ದಾಗ, ಜೀವಂತ ಬಂದರೆ ಚೌಡಮ್ಮನಿಗೆ ಬೆಳ್ಳಿ ಹೂವು ಎಂದು ಹರಕೆ ಹೊತ್ತಿದ್ದಳು. ಶಾಲೆ ಮಾಸ್ತರರಿಂದ ಅವನಿಗೆ ಹಾಗೆಂದು ಬರೆಸಿಯೂ ಇದ್ದಳು. ಅವನು ಬಂದಾಗ ಟ್ರಂಕಿನ ಕೋಟಿನ ಮೇಲೆ ಬೆಳ್ಳಿ ಹೂವು ಕಂಡಿತು. ಓದಿದ ಹುಡುಗ, ದೇವರು ದಿಂಡರು ಎನ್ನಲು ನಾಚಿಕೆ. ಹರಕೆಯ ಹೂವು ಮಾಡಿಸಿ ತಂದು ಬಾಯಿ ಬಿಡದೆ ಕೂತಿದ್ದಾನೆ ಎಂದುಕೊಂಡಳು. ಅಡಕತ್ತರಿಯಿಂದ ಬಿಡಿಸಿ ಗುಡಿಗೆ ಕೊಟ್ಟು ಬಂದಳು.

"ಕೋಟು ನೋಡ್ದ. ನನ್ನ ಮುಖ ನೋಡ್ದ. ಒಳ್ಳೇದಾತು ಕಣಮ್ಮ ಅಂದ."

ಈಗ ಸುಮ್ಮನೆ ಕೇಳಿದರೆ ಮುದುಕಿ ಹೂಂ ಎನ್ನಬಹುದಿತ್ತು. ಹಾಗೆ ಪಡೆದರೆ ಅದು ಕದ್ದಂತೆ. ಅದು ಹರಕೆಯ ಹೂವಲ್ಲವೆಂದು ಹೇಳಿದರೆ, ತೀರಿತು ಎಂದುಕೊಂಡ ಹರಕೆ ತೀರದಂತಾಗುತ್ತದೆ. ಮಗ ಬಚ್ಚಿಟ್ಟದ್ದನ್ನು ತಾನು ಬಯಲು ಮಾಡಿದಂತಾಗುತ್ತದೆ. ಗುಡಿಯ ಕಡೆಯಿಂದ ಕುಲುಮೆಗೆ ಗಾಳಿ ಊದುವ ತಿದಿಯ ಸದ್ದು ಕೇಳುತ್ತಿತ್ತು. ವಾಗ್ದೇವಿ ಹೇಳಿಯೇಬಿಟ್ಟಳು.

"ಅಜ್ಜಿ, ಅದು ಹರಕೆಗೆ ಮಾಡಿಸಿದ ಹೂವಲ್ಲ. ಶತ್ರುವಿನ ಎದುರು ಧೈರ್ಯ ತೋರಿಸಿದವರಿಗೆ ಸರ್ಕಾರ ಕೊಡೋ ಪದಕ. ನಿಮ್ಮ ಮಗ ಏನು ಮಾಡಿದರೋ ಇನ್ನೂ ಹುಡುಕಬೇಕು. ಆದರೆ ಸುಮ್ಮನೆ ಸಿಗೋದಲ್ಲ."

ಬೆಳ್ಳಮ್ಮ ಬಾಯಲ್ಲಿದ್ದ ಎಲೆಯನ್ನು ಉಗಿದು ಬಂದಳು. ಅಡಕತ್ತರಿಯನ್ನು ಒಮ್ಮೆ ತೆರೆದು ಮುಚ್ಚಿದಳು.

"ಹಂಗಾರೆ ನಾನು ಕೊಟ್ಟಿದ್ದಲ್ಲ ಅದು," ಎಂದಳು. "ಗೊತ್ತಿದ್ದೂ ಬಿಟ್ಟನಲ್ಲ, ಕೊಟ್ಟೋನು ಅಂವ. ನಾನು ಬರೀ ಕತ್ತರ್ಸಿದ್ದು. ಅಂವ ಕೊಟ್ಟಿದ್ದನ್ನ ಬಿಡಿಸ್ಕಣಕೆ ನಾನ್ಯಾರು, ನೀನ್ಯಾರು?"

ವಾಗ್ದೇವಿ ವಾದಿಸಿದಳು. ಕರಗಿದರೆ ಪದಕವೇ ಇರುವುದಿಲ್ಲ, ತನ್ನ ಹತ್ತಿರವಿದ್ದರೆ ಹೆಸರಿನ ಜೊತೆ ಉಳಿಯುತ್ತದೆ ಎಂದಳು. ಎರಡು ಸಲ ಹೇಳಿದಳು. ಬೆಳ್ಳಮ್ಮ ಎಲ್ಲ ಕೇಳಿದಳು, ಕೋಪ ಮಾಡಲಿಲ್ಲ, ಮಾತು ಬದಲಿಸಲೂ ಇಲ್ಲ. ಪಟ್ಟಿಯನ್ನು ಕೈಗೆ ತೆಗೆದುಕೊಂಡು ಜಜ್ಜಿದ ರಿಬ್ಬನ್ನನ್ನು ಒಮ್ಮೆ ಮುಟ್ಟಿ ನೋಡಿ, ಹಿಂದಕ್ಕೆ ಕೊಟ್ಟಳು.

"ಇದ್ರ ಮೇಲೆ ಅವನ ಹೆಸ್ರು ಬರಿ."

ಗುಡಿಯ ಮುಂದೆ ಮೂಸೆ ಕೆಂಪಗೆ ಕಾದಿತ್ತು. ಕಣ್ಣು, ಕಾಲು, ತೊಟ್ಟಿಲು ಆಗಲೇ ಕರಗಿದ್ದವು. ಮಂಜಯ್ಯ ಶಿಲುಬೆಯನ್ನು ಚಿಮಟದಲ್ಲಿ ಹಿಡಿದು ವಾಗ್ದೇವಿಯ ಮುಖ ನೋಡಿದ. ಅಚ್ಚು ತೆಗೆದುಕೊಳ್ಳುತ್ತೇನೆ, ಸಾಗರಕ್ಕೆ ಹೋದ ಮೇಲೆ ಇಂಥದ್ದೇ ಇನ್ನೊಂದು ಮಾಡಿಕೊಡುತ್ತೇನೆ, ಯಾರಿಗೂ ವ್ಯತ್ಯಾಸ ತಿಳಿಯುವುದಿಲ್ಲ ಎಂದು ಮೆಲ್ಲಗೆ ಹೇಳಿದ.

"ಬೇಡ ಮಂಜಯ್ಯ," ಎಂದಳು ಅವಳು. "ಹಾಕಿ."

ಅದು ಕರಗುವವರೆಗೂ ನಿಂತು ನೋಡಿದಳು. ಆಮೇಲೆ ಗೆಜ್ಜೆ ಕಟ್ಟಿಕೊಂಡು, ಗುಡಿಯ ಕಟ್ಟೆಯ ಮೇಲೆ ಕೂತು, ಪಟ್ಟಿಯ ಹಿಂಬದಿಯ ಬಟ್ಟೆಯ ಮೇಲೆ ಪೆನ್ಸಿಲಿನಿಂದ ಬರೆದಳು: ಡಾ. ಧರ್ಮಪ್ಪ. ಚೀಲದಿಂದ ಸೂಜಿದಾರ ತೆಗೆದಳು. ಕತ್ತರಿಸಿದ ರಿಬ್ಬನ್ನಿನ ಎಳೆ ಬಿಚ್ಚಿಕೊಳ್ಳದಂತೆ, ಅಂಚನ್ನು ನೇರ ಮಾಡದೆ, ಜಜ್ಜಿದ್ದನ್ನು ಜಜ್ಜಿದಂತೆಯೇ ಬಿಟ್ಟು, ಅಪ್ಪ ಹಾಕುತ್ತಿದ್ದಂಥ ಸಣ್ಣ ಹೊಲಿಗೆ ಹಾಕತೊಡಗಿದಳು.